ರೀ ಎಂದರೆ ಹಾಡುವ ಪೆಟ್ಟಿಗೆ

ಮೇಸ್ತ್ರಿಗೆ ಯಾರೂ ಏನನ್ನೂ ಕಲಿಸಿದ್ದಿಲ್ಲ. ಇದನ್ನು ಅವನು ಮುಖ ಸಣ್ಣಗೆ ಮಾಡಿಕೊಂಡು ಹೇಳುವವನಲ್ಲ, ಎದೆಯುಬ್ಬಿಸಿ ಹೇಳುವವನು. ಉಳಿ ಹಿಡಿಯುವುದನ್ನು ಬೇರೆಯವರ ಮರಗೆಲಸದ ಶೆಡ್ಡಿನ ಕಿಟಕಿಯಲ್ಲಿ ಇಣುಕಿ ಕಲಿತ. ಕೀಲು ಕೂಡಿಸುವುದನ್ನು ಮುರಿದ ಕುರ್ಚಿಗಳನ್ನು ಬಿಚ್ಚಿ ಬಿಚ್ಚಿ ಕಲಿತ. ಅಕ್ಷರವನ್ನು ಸಾಮಾನು ಕಟ್ಟಿಕೊಂಡು ಬಂದ ಪತ್ರಿಕೆಯ ಚೂರುಗಳಲ್ಲಿ ಕಲಿತ, ಹಾಗಾಗಿ ಅವನಿಗೆ ಲೋಕದ ಸುದ್ದಿಗಳೆಲ್ಲ ಅರ್ಧರ್ಧವೇ ಗೊತ್ತಿದ್ದವು. “ನನಗೆ ಗುರು ಅಂತ ಒಬ್ಬನಿದ್ರೆ ಇವನೇ,” ಎಂದು ಸುತ್ತಿಗೆಯ ಏಟು ತಿಂದು ತಿಂದು ಚಪ್ಪಟೆಯಾದ ಎಡಗೈ ಹೆಬ್ಬೆರಳನ್ನು ಎತ್ತಿ ತೋರಿಸುತ್ತಿದ್ದ.

ಊರಿನಲ್ಲಿ ಅವನು ಕೂರಿಸಿದ ಬಾಗಿಲುಗಳಿಗೆ ಲೆಕ್ಕವಿಲ್ಲ. ದೊಡ್ಡ ಮನೆಗಳ ಜೋಡಿ ಬಾಗಿಲು, ಅಂಗಡಿಗಳ ಮಡಿಸುವ ಬಾಗಿಲು, ಆಸ್ಪತ್ರೆಯ ಎರಡೂ ಕಡೆ ತೆರೆಯುವ ಬಾಗಿಲು. ಕೂರಿಸುವ ದಿನ ಅವನು ಒಳಗಿರುತ್ತಿದ್ದ, ಕೂರಿಸಿ ಮುಗಿದ ಮೇಲೆ ಹೊರಗೆ. ತನಗಾಗಿ, ತನ್ನ ಮನೆಗಾಗಿ ಅವನು ಆಸೆಪಟ್ಟು ಮಾಡಿಕೊಂಡದ್ದು ಒಂದೇ ಒಂದು: ನಡುಮನೆಯ ಎರಡು ಮೂಲೆಗಳಲ್ಲಿ ನಿಂತಿದ್ದ ಎರಡು ಸ್ಪೀಕರ್ ಪೆಟ್ಟಿಗೆಗಳು. ಸೊಂಟದೆತ್ತರದವು, ಉಳಿದ ಬಾಗಿಲ ಮರದಲ್ಲಿ ಮಾಡಿದವು. ಎಲ್ಲೂ ಒಂದು ಮೊಳೆ ಇಲ್ಲ, ಮೂಲೆಗಳೆಲ್ಲ ಬೆರಳಿಗೆ ಬೆರಳು ಹೆಣೆದ ಹಾಗೆ ಒಂದಕ್ಕೊಂದು ಕಚ್ಚಿ ಕೂತಿದ್ದವು. ಅವುಗಳ ಮುಂದೆ ಕಾಲು ಚಾಚಿ ಕೂತು ಹಾಡು ಕೇಳುವಾಗ ಮೇಸ್ತ್ರಿಗೆ ಊರಿನ ಎಲ್ಲ ಬಾಗಿಲುಗಳೂ ತನಗಾಗಿ ತೆರೆದುಕೊಂಡ ಹಾಗಾಗುತ್ತಿತ್ತು.

ಆದರೆ ಹಾಡು ನಿಂತು ಕಾಲವಾಗಿತ್ತು. ಟೇಪ್ ರೆಕಾರ್ಡರಿನ ರಬ್ಬರು ಕರಗಿ ಬೆಲ್ಲದ ಪಾಕವಾಗಿತ್ತು. ಆಂಪ್ಲಿಫೈಯರ್ ಮಾತ್ರ ಕಲ್ಲುಗುಂಡಿನಂತೆ ಗಟ್ಟಿಯಾಗಿತ್ತು, ಆದರೆ ಅದಕ್ಕೆ ಉಣಿಸಲು ಹಾಡೇ ಇರಲಿಲ್ಲ. ಪೆಟ್ಟಿಗೆಗಳ ಮೇಲೆ ಮೊದಲು ಧೂಳು ಕೂತಿತು, ಆಮೇಲೆ ಮಡಿಸದ ಬಟ್ಟೆ ಕೂತಿತು, ಕಡೆಗೆ ಒಂದು ದಿನ ಮೇಸ್ತ್ರಿಯ ಭಾವಮೈದನ ಕಣ್ಣು ಬಂದು ಕೂತಿತು.

ಭಾವಮೈದ ಕೋಳಿ ಸಾಕುವವನು. ಯಾವ ವಸ್ತುವನ್ನು ನೋಡಿದರೂ ಇದರೊಳಗೆ ಕೋಳಿ ಕೂತೀತೇ ಎಂಬ ಒಂದೇ ಯೋಚನೆ ಅವನದು. ಅಕ್ಕನನ್ನು ನೋಡಲು ಬಂದವನು ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, ಬೆರಳ ಗೆಣ್ಣಿನಿಂದ ಬಡಿದು ನೋಡಿದ.

“ಭಾವ, ಇದರೊಳಗೆ ಏನಿದೆ?”

“ಗಾಳಿ.”

“ಬರೀ ಗಾಳೀನಾ?”

“ಹದವಾದ ಗಾಳಿ ಕಣೋ. ಆ ಗಾಳಿ ಇಲ್ದಿದ್ರೆ ತಬಲ ಬಡಿದಿದ್ದು ಎದೆಗೆ ಮುಟ್ಟಲ್ಲ.”

ಭಾವಮೈದ ಮುಂದಿನ ದುಂಡು ತೂತಿನೊಳಗೆ ಮೊಣಕೈವರೆಗೂ ಕೈ ತೂರಿಸಿದ. ಅವನ ಮುಖ ಬೆಳಗಿತು. “ಅಕ್ಕಾ, ಕೋಳಿ ನುಗ್ಗೋಕೆ ಅಂತಾನೇ ಅಳತೆ ಮಾಡಿ ಕೊರೆದ ಹಾಗಿದೆ ನೋಡು! ಒಳಗೆ ಒಂದಿಷ್ಟು ಹುಲ್ಲು ಹಾಕಿದ್ರೆ ಕಾವಿಗೆ ಕೂರೋ ಕೋಳಿಗೆ ಅರಮನೆ ಆಗುತ್ತೆ.”

“ಕೈ ತೆಗಿ!” ಮೇಸ್ತ್ರಿ ಕೂತಲ್ಲಿಂದ ಜಿಗಿದ.

“ಯಾಕ್ರೀ ಅವನ ಮೇಲೆ ಹಾರಾಡ್ತೀರಿ?” ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದಳು. “ಸರಿಯಾಗೇ ಹೇಳಿದಾನೆ. ಹಾಡೋ ಪೆಟ್ಟಿಗೆ ಅಂದ್ರಿ, ಹಾಡಲ್ಲ. ದಿನಾ ಧೂಳು ಹೊಡೆಯೋಳು ನಾನು. ಬರೀ ಮೂಲೆ ಹಿಡಿದು ಕೂರೋಕೆ ಮನೇಲಿ ನೀವೊಬ್ರಿದೀರಲ್ಲ, ಜೊತೆಗೆ ಇನ್ನೆರಡು ಬೇಕಾ?”

“ಹಾಡಿಸ್ತೀನಿ ಕಣೇ.”

“ಹಾಡಿಸ್ತೀನಿ ಹಾಡಿಸ್ತೀನಿ ಅಂತ ನೀವು ಹಾಡಿದ್ದೇ ಆಯ್ತು. ಬರೋ ಭಾನುವಾರ ತಮ್ಮ ಗಾಡಿ ತರ್ತಾನೆ. ಅಷ್ಟರೊಳಗೆ ಅವು ಬಾಯಿಬಿಟ್ರೆ ಇರ್ಲಿ. ಆದ್ರೆ ಒಂದು ಮಾತು. ನಾನು ಹಾಕಿದಾಗ ಹಾಡಬೇಕು. ಮುಂಚಿನ ಹಾಗೆ ‘ರೀ ಬನ್ನಿ, ರೀ ವೈರು ಅಲ್ಲಾಡಿಸಿ, ರೀ ಮೇಲೊಂದು ಗುದ್ದಿ’ ಅಂತ ನಿಮ್ಮನ್ನ ಕರೀತಾ ಕೂರೋಕಾಗಲ್ಲ. ಒಲೆ ಮುಂದೆ ನಿಂತು ಒದ್ದೆ ಕೈಯಲ್ಲಿ ಒಂದು ಸಲ ಒತ್ತಿದ್ರೆ ಹಾಡು ಬರಬೇಕು. ಇಲ್ಲಾಂದ್ರೆ ಕೋಳಿಗೆ.”

“ಒಪ್ಪಿದೆ,” ಎಂದ ಮೇಸ್ತ್ರಿ. ಭಾವಮೈದ ಕೈಯನ್ನು ತೂತಿನಿಂದ ಹೊರಗೆಳೆದುಕೊಂಡು, ಜೇಬಿನಿಂದ ದಾರ ತೆಗೆದು, ಪೆಟ್ಟಿಗೆಯ ಅಗಲಕ್ಕೆ ಹಿಡಿದು ಗಂಟು ಹಾಕಿಕೊಂಡ. ಆ ಗಂಟು ಮೇಸ್ತ್ರಿಯ ಕೊರಳಿಗೇ ಬಿದ್ದ ಹಾಗಾಯಿತು.

ಮಾರನೆಯ ದಿನ ಅವನು ಎಲೆಕ್ಟ್ರಿಕ್ ಅಂಗಡಿಗೆ ಹೋಗಿ, ಕೇಳಲಿಕ್ಕೆ ಬಂದವನಂತೆ ಅಲ್ಲ, ಸುಮ್ಮನೆ ಹಾಗೇ ಬಂದವನಂತೆ, ಗೋಡೆಗೊರಗಿ ನಿಂತ. “ಹಾಡು ಕೇಳೋಕೆ ಜನ ಈಗ ಏನು ಹಾಕ್ತಾರೆ?” ಎಂದು ಬೀದಿಯ ಕಡೆ ನೋಡುತ್ತ ಅಂದ.

“ಸಿಂಗಲ್ ಬೋರ್ಡ್ ಹಾಕಿ ಮೇಸ್ತ್ರಿ,” ಎಂದ ಅಂಗಡಿಯವನು.

ಬೋರ್ಡು ಎಂದರೆ ಮೇಸ್ತ್ರಿಯ ಲೋಕದಲ್ಲಿ ಹಲಗೆ. ಅವನ ಕಿವಿ ನೆಟ್ಟಗಾಯಿತು. “ಒಂಟಿ ಹಲಗೇನಾ? ಯಾವ ಮರದ್ದು?”

ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಹಸಿರು ತಗಡೊಂದನ್ನು ತಂದು ಕೈಯಲ್ಲಿಟ್ಟ. ಇದು ಒಂದು ಇಡೀ ಕಂಪ್ಯೂಟರು. ಇದರ ನೆತ್ತಿಯ ಮೇಲೆ, ಈ ಸೂಜಿಗಳ ಸಾಲಿನ ಮೇಲೆ ಇನ್ನೊಂದು ಪುಟ್ಟ ತಗಡು ಕೂರುತ್ತದೆ, ಅದರ ಹೆಸರು ಡ್ಯಾಕ್, ಅಂಕಿಗಳನ್ನು ಹಾಡಿನ ಸದ್ದು ಮಾಡುವುದು ಅದರ ಕೆಲಸ. ಅಲ್ಲಿಂದ ಕೆಂಪು ಬಿಳಿ ವೈರು ಆಂಪ್ಲಿಫೈಯರಿಗೆ. ಹಾಡು ಮನೆಯ ವೈಫೈ ಹಿಡಿದು ಗಾಳಿಯಲ್ಲೇ ಬರುತ್ತದೆ. ಫೋನಿನಲ್ಲಿ ಹಾಡು ಹಾಕಿ, ಎಲ್ಲಿ ಹಾಡಿಸಲಿ ಎಂದು ಫೋನು ಕೇಳಿದಾಗ ಇದರ ಹೆಸರನ್ನು ಒತ್ತಿದರೆ ಮುಗಿಯಿತು.

“ನಾನೇ ಎಲ್ಲ ಹಾಕಿ ಕೊಡ್ತೀನಿ, ಸಂಜೆ ಬನ್ನಿ.”

“ಯಾಕೆ, ನಂಗೆ ಕೈಯಿಲ್ವಾ?” ಎಂದು ಮೇಸ್ತ್ರಿ ಒಂಟಿ ಹಲಗೆಯನ್ನೂ ಅದರ ಪರಿವಾರವನ್ನೂ ಚೀಲಕ್ಕೆ ಹಾಕಿಕೊಂಡು ಬಂದ.

ಮನೆಯಲ್ಲಿ ಮದುವೆಯಾಗಿ ಹೋದ ಮಗಳು ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪು ಇತ್ತು. ಫೋನಿನಲ್ಲಿ ಯಾರೋ ಒಬ್ಬ ಇದೇ ಕೆಲಸವನ್ನು ಮಾಡಿ ತೋರಿಸುವ ವೀಡಿಯೋ ಇತ್ತು. ಮೇಸ್ತ್ರಿ ಅದನ್ನು ಸದ್ದು ಪೂರಾ ಆರಿಸಿ ನೋಡಿದ. ಇನ್ನೊಬ್ಬ ಹೇಳಿಕೊಡುವುದನ್ನು ಕೂತು ಕೇಳಿದರೆ ತನ್ನ ಆಯುಷ್ಯದ ಗತ್ತೇ ಮಣ್ಣುಪಾಲು ಎಂದು ಅವನ ಲೆಕ್ಕಾಚಾರ. ಕೆಲಸಗಾರನ ಕೈ ನೋಡಿದರೆ ಸಾಕು, ಬಾಯಿ ಯಾಕೆ?

ಬಾಯಿ ಇಲ್ಲದಿದ್ದರೂ ಪರದೆಯ ಕೆಳಗೆ ಅಕ್ಷರ ಬಂತು: ಮೊದಲು ಕಾರ್ಡಿಗೆ ಇಮೇಜ್ ಹಾಕಿ.

ಇಮೇಜ್ ಅಂದರೆ ಚಿತ್ರ. ಅಷ್ಟು ಮೇಸ್ತ್ರಿಗೆ ಗೊತ್ತಿತ್ತು. ಯಾವ ಚಿತ್ರ ಎಂದು ಕ್ಷಣ ಯೋಚಿಸಿದ. ಹಲಗೆಗೆ ತಾನು ಯಾರನ್ನು ಹಾಡಿಸಬೇಕು ಎಂಬ ಗುರುತು ಸಿಗಬೇಕಲ್ಲ, ನ್ಯಾಯವಾಗೇ ಇದೆ ಎಂದುಕೊಂಡು ಪೆಟ್ಟಿಗೆಗಳ ಮೇಲಿನ ಬಟ್ಟೆ ತೆಗೆದು, ಒರೆಸಿ, ಕಿಟಕಿ ತೆರೆದು ಬೆಳಕು ಬಿಟ್ಟು, ಮುಂದಿನಿಂದ ಒಂದು, ಮಗ್ಗುಲಿನಿಂದ ಒಂದು ಫೋಟೋ ಹೊಡೆದ. ಉಗುರಿನಷ್ಟಗಲದ ಮೆಮೊರಿ ಕಾರ್ಡಿಗೆ ಅವನ್ನು ಹಾಕಿ, ಕಾರ್ಡನ್ನು ಹಲಗೆಯ ಹೊಟ್ಟೆಗೆ ತುರುಕಿ, ಕರೆಂಟು ಕೊಟ್ಟ. ಒಂದು ಕೆಂಪು ದೀಪ ಹೊತ್ತಿಕೊಂಡಿತು. ಆಮೇಲೆ ಜಪ್ಪಯ್ಯ ಅಂದರೂ ಏನೂ ಆಗಲಿಲ್ಲ.

“ಕೆಂಪು ಕಣ್ಣು ಬಿಡ್ತಾ ಇದೆ,” ಎಂದಳು ಹೆಂಡತಿ, ಭುಜದ ಮೇಲಿಂದ ಬಗ್ಗಿ. “ಏನು ಮಾಡಿದ್ರಿ ಅದಕ್ಕೆ?”

“ಫೋಟೋ ತೋರಿಸಿದೆ.”

“ಯಾರದು?”

“ಪೆಟ್ಟಿಗೇದು.”

ಹೆಂಡತಿ ಪೆಟ್ಟಿಗೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿ ಅಡುಗೆಮನೆಗೆ ಹೋದಳು. ಆ ನೋಟ ಮೇಸ್ತ್ರಿಗೆ ಚುಚ್ಚಿತು.

ಮೇಸ್ತ್ರಿ ಬಾಗಿಲು ಹಾಕಿಕೊಂಡು, ಬೀದಿಯಲ್ಲಿ ಯಾರೂ ಇಲ್ಲವೆಂದು ಕಿಟಕಿಯಲ್ಲಿ ನೋಡಿಕೊಂಡು, ವೀಡಿಯೋದ ಸದ್ದು ಸ್ವಲ್ಪವೇ ಏರಿಸಿದ. ಇಮೇಜ್ ಎಂದರೆ ಚಿತ್ರವಲ್ಲವಂತೆ. ಹಲಗೆಯ ತಲೆಯೊಳಗೆ ಇರಬೇಕಾದ ಬುದ್ಧಿಯನ್ನೆಲ್ಲ ಒಂದೇ ಮೂಟೆ ಕಟ್ಟಿಟ್ಟದ್ದಕ್ಕೆ ಆ ಹೆಸರಂತೆ. ಆ ಮೂಟೆಯನ್ನು ಇಳಿಸಿಕೊಂಡು, ಹಾಗೇ ಕಾರ್ಡಿನೊಳಗೆ ಎತ್ತಿಡುವುದೂ ಅಲ್ಲ, ಅದಕ್ಕೆಂದೇ ಇರುವ ಇನ್ನೊಂದು ತಂತ್ರಾಂಶದಿಂದ ಬಿಚ್ಚಿ ಹರಡಿ ಬರೆಯಬೇಕಂತೆ. “ಮೂಟೆ ಅಂತ ಅನ್ನೋಕೇನು ರೋಗ ಇವನಿಗೆ?” ಎಂದು ಬೈದುಕೊಂಡು ಮೇಸ್ತ್ರಿ ಬರೆಸಿದ. ಈ ಸಲ ಕೆಂಪು ದೀಪದ ಪಕ್ಕದಲ್ಲಿ ಒಂದು ಹಸಿರು ದೀಪ ಪಿಳಿಪಿಳಿ ಕಣ್ಣು ಬಿಟ್ಟಿತು. ಹಸುಗೂಸು ಕಣ್ಣು ಬಿಟ್ಟ ಹಾಗೇ ಕಂಡಿತು ಅವನಿಗೆ.

ಅಲ್ಲಿಗೆ ಸುಮ್ಮನಿದ್ದರೆ ಅವನು ಬಡಗಿಯೇ ಅಲ್ಲ. ಬೆತ್ತಲೆ ತಗಡನ್ನು ನಡುಮನೆಯಲ್ಲಿ ಇಡುವುದುಂಟೇ? ದೊಡ್ಡ ಪೆಟ್ಟಿಗೆಗಳ ಕುಲಕ್ಕೆ ತಕ್ಕ ಹಾಗೆ ಅದೇ ಮರದಲ್ಲಿ ಒಂದು ಪುಟ್ಟ ಪೆಟ್ಟಿಗೆ ಮಾಡಿದ. ಮುಚ್ಚಳ ಇಟ್ಟರೆ ಉಗುರು ತೂರುವಷ್ಟೂ ಸಂದಿಲ್ಲ. ಡ್ಯಾಕನ್ನು ಹಲಗೆಯ ಸೂಜಿಗಳ ಮೇಲೆ ಉಸಿರು ಬಿಗಿಹಿಡಿದು ಕೂರಿಸಿದ. ವೈರಿನ ತೂತಿನಿಂದ ಜಿರಳೆ ಹೊಕ್ಕೀತು ಎಂಬ ಮುಂದಾಲೋಚನೆಯಿಂದ ಒಳಗೋಡೆಗೆಲ್ಲ, ಮುಚ್ಚಳದ ಒಳಮೈಗೂ, ತವರದ ತಗಡು ಹೊದಿಸಿದ. ಎಂಥ ಕೆಲಸ! ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು.

ಹೊಸದಾಗಿ ಎದ್ದ ಹಲಗೆ ಮೊದಲು ತಾನೇ ಒಂದು ಪುಟ್ಟ ವೈಫೈ ಬಿಡುತ್ತದೆ, ಫೋನಿನಲ್ಲಿ ಅದನ್ನು ಹಿಡಿದು ಒಳಗೆ ಹೋಗಬೇಕು ಎಂದು ವೀಡಿಯೋದವನು ಹೇಳಿದ್ದ. ಮೇಸ್ತ್ರಿ ಫೋನು ಹಿಡಿದ. ಏನೂ ಇಲ್ಲ. ಏನಾಯಿತೆಂದು ಮುಚ್ಚಳ ತೆಗೆದ. ಫೋನಿನಲ್ಲಿ ಹೆಸರು ಬಂತು. ಸಮಾಧಾನದಿಂದ ಮುಚ್ಚಳ ಹಾಕಿದ. ಹೆಸರು ಹೋಯಿತು. ತೆಗೆದ, ಬಂತು. ಹಾಕಿದ, ಹೋಯಿತು. ಹೀಗೇ ಒಂದಷ್ಟು ಹೊತ್ತು ಅವನೂ ಹಲಗೆಯೂ ಕಣ್ಣಾಮುಚ್ಚಾಲೆ ಆಡಿದ ಮೇಲೆ, ತವರದ ಕೋಣೆಯಲ್ಲಿ ಕೂಡಿಹಾಕಿ ಕೂಗು ಎಂದರೆ ಯಾವನ ಕೂಗು ತಾನೇ ಹೊರಗೆ ಕೇಳೀತು ಎಂದು ಹೊಳೆಯಿತು. ಒಂದು ಮಧ್ಯಾಹ್ನವೆಲ್ಲ ಬೆಸೆದ ತಗಡನ್ನು ಇನ್ನೊಂದು ಮಧ್ಯಾಹ್ನ ಕಿತ್ತುಹಾಕಿದ. ಜಿರಳೆಗಳಿಗೆ ಹಾಡು ಕೇಳುವ ಯೋಗವಿದ್ದರೆ ಕೇಳಲಿ.

ಫೋನಿನಲ್ಲಿ ಪುಟವೊಂದು ತೆರೆದುಕೊಂಡಿತು. ನಿಮ್ಮ ಮನೆಯ ವೈಫೈ ಯಾವುದು, ಅದರ ಗುಟ್ಟಿನ ಪದ ಯಾವುದು ಎಂದು ಕೇಳಿತು. ಅದೇನೂ ಗುಟ್ಟಾಗಿರಲಿಲ್ಲ. ಆ ಕಟ್ಟಡದಲ್ಲಿ ಮೂರು ಮನೆ: ಕೆಳಗೆ ದರ್ಜಿಯದು, ನಡುವೆ ಮೇಸ್ತ್ರಿಯದು, ಮೇಲೆ ಬಸ್ಸು ಕಂಡಕ್ಟರನದು. ಮೂರಕ್ಕೂ ಸೇರಿ ಮಾಲೀಕರು ಮೆಟ್ಟಿಲ ತಿರುವಿನಲ್ಲಿ ಒಂದೇ ವೈಫೈ ಡಬ್ಬಿ ನೇತುಹಾಕಿದ್ದರು. ಮೇಸ್ತ್ರಿ ಬರೆದ. ಆಮೇಲೆ ಪುಟ ಕೇಳಿತು: ಈ ಸಾಧನಕ್ಕೆ ಏನು ಹೆಸರಿಡುತ್ತೀರಿ?

ಅಲ್ಲಿ ಮೊದಲೇ ಒಂದು ಹೆಸರಿತ್ತು, ಇಂಗ್ಲಿಷಿನಲ್ಲಿ, ಬಾಲದಲ್ಲಿ ಒಂದಿಷ್ಟು ಅಂಕಿಗಳ ಸಮೇತ. ಹೆಂಡತಿ ಒದ್ದೆ ಕೈಯಲ್ಲಿ, ಕನ್ನಡಕ ಇಲ್ಲದೆ ಅದನ್ನು ಹುಡುಕಿ ಒತ್ತುವಷ್ಟರಲ್ಲಿ ಪೆಟ್ಟಿಗೆಯೊಳಗೆ ಕೋಳಿ ಮೊಟ್ಟೆಯಿಟ್ಟಿರುತ್ತದೆ. ಚಿಕ್ಕ ಹೆಸರು ಬೇಕು. ಅವಳ ಕಣ್ಣಿಗೆ ಬಿದ್ದ ಕೂಡಲೇ ಇದು ನನ್ನದು ಎನ್ನಿಸಬೇಕು. ಅವಳು ಎಂದೂ ಮರೆಯದಂಥದ್ದು, ಎದ್ದಾಗಿನಿಂದ ಮಲಗುವವರೆಗೆ ಅವಳ ನಾಲಿಗೆಯ ತುದಿಯಲ್ಲೇ ಇರುವಂಥದ್ದು.

ಮೇಸ್ತ್ರಿಯ ಮುಖ ಅರಳಿತು. ತನ್ನ ಬುದ್ಧಿಗೆ ತಾನೇ ತಲೆದೂಗುತ್ತ, ಚಪ್ಪಟೆ ಹೆಬ್ಬೆರಳಿನಿಂದ ಒಂದೇ ಅಕ್ಷರ ಒತ್ತಿದ: ರೀ.

ಶನಿವಾರ ಮಧ್ಯಾಹ್ನ ಹೆಂಡತಿ ಸಂತೆಗೆ ಹೋಗಿದ್ದಾಗ ಅವನು ಮೊದಲ ಹಾಡು ಹಾಕಿದ. ಫೋನು ಕೇಳಿತು, ಎಲ್ಲಿ ಹಾಡಿಸಲಿ? ‘ಈ ಫೋನು’ ಎಂದಿತ್ತು, ಅದರ ಕೆಳಗೆ ‘ರೀ’ ಎಂದಿತ್ತು. ಒತ್ತಿದ. ಪೆಟ್ಟಿಗೆಗಳು ಗಂಟಲು ಸರಿಮಾಡಿಕೊಂಡವರ ಹಾಗೆ ‘ಗುರ್’ ಎಂದವು, ಮರುಗಳಿಗೆ ಕೊಳಲಿನ ಸದ್ದು ನಡುಮನೆಯಲ್ಲೆಲ್ಲ ಹರಿಯಿತು. ತಬಲದ ಪೆಟ್ಟು ನೇರ ಎದೆಗೂಡಿಗೆ ಬಂತು. ಮೇಸ್ತ್ರಿ ಕಾಲು ಚಾಚಿದ. ಕಣ್ಣಂಚು ಒದ್ದೆಯಾಯಿತು, ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಕೊಳಲು ಪಟ್ಟನೆ ನಿಂತು, ಒಂದು ಹೆಣ್ಣು ದನಿ ರಾಗವಾಗಿ, “ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು,” ಎಂದಿತು. ಮೇಸ್ತ್ರಿ ಬೆಚ್ಚಿಬಿದ್ದು ಕಾಲು ಮಡಿಸಿಕೊಂಡ. ಮಗ್ಗಿ ಏಳೈದ್ಲಕ್ಕೆ ಬಂದು ಕಡಿದುಹೋಯಿತು. ಗಾಳಿಯಲ್ಲಿ ಬರುವ ಮಾಲು, ಎಲ್ಲಿಂದಲೋ ಏನೋ ಚೂರು ಅಂಟಿಕೊಂಡು ಬಂದಿರಬೇಕು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಸಂಜೆ ಹೆಂಡತಿಯ ಫೋನಿನಲ್ಲೂ ತೋರಿಸಿಕೊಟ್ಟ. ಅವಳು ಕನ್ನಡಕ ಏರಿಸಿ ಓದಿ, ತುಟಿ ಕಚ್ಚಿಕೊಂಡು ನಗು ತಡೆದಳು.

“ಇದೇನ್ರೀ ಇದು, ಇದರೊಳಗೂ ನೀವೇನಾ?”

“ದಿನವಿಡೀ ಕರೀತೀಯಲ್ಲ, ಅದನ್ನೇ ಇಟ್ಟೆ. ಮರೆಯೋ ಮಾತೇ ಇಲ್ಲ.”

“ಹೆಸರು ಇಟ್ಟಿದ್ದೇನೋ ಸರಿ. ನಾನು ಕರೆದಾಗ ನೀವು ಒಂದು ಸಲಕ್ಕೆ ಬಂದಿದ್ದು ನೆನಪಿಲ್ಲ. ಇದಾದ್ರೂ ಬರುತ್ತಾ?”

“ನಾಳೆ ನಿನ್ನ ತಮ್ಮನ ಮುಂದೇನೇ ಒತ್ತು. ಅವನ ಮುಖ ನೋಡ್ಬೇಕು ನಾನು.”

ಭಾನುವಾರ ಬೆಳಿಗ್ಗೆ ಭಾವಮೈದ ಗೂಡ್ಸ್ ಆಟೋ ತಂದು ಕೆಳಗೆ, ಕಿಟಕಿಗೆ ಕಾಣುವ ಹಾಗೆ ಬೀದಿಯಲ್ಲಿ ನಿಲ್ಲಿಸಿದ. ಹೆಗಲ ಮೇಲೆ ಹಗ್ಗ, ಗಾಡಿಯೊಳಗೆ ಹುಲ್ಲು. ಹುಲ್ಲನ್ನೂ ತಂದಿದ್ದಾನಲ್ಲ ಎಂದು ಮೇಸ್ತ್ರಿಗೆ ಮೈಯುರಿದು ಹೋಯಿತು. ಆದರೂ ತೋರಗೊಡದೆ ಕುರ್ಚಿ ಕೊಟ್ಟ.

“ಕೂತ್ಕೋ. ಹಗ್ಗ ಕೆಳಗಿಡು. ಕೋಳಿಗಳಿಗೆ ನಿರಾಸೆ ಆಗುತ್ತೆ, ನೀನೇ ಸಮಾಧಾನ ಮಾಡ್ಬೇಕು. ಒತ್ತೇ.”

ಹೆಂಡತಿ ಮಾತಿಗೆ ತಕ್ಕ ಹಾಗೆ ಒಲೆಯ ಮುಂದೆಯೇ ನಿಂತು, ಪಾತ್ರೆ ತೊಳೆದ ಕೈಯನ್ನು ಒರೆಸದೆ, ತನಗಿಷ್ಟವಾದ ಹಾಡು ಹುಡುಕಿ ‘ರೀ’ ಒತ್ತಿದಳು. ಪೆಟ್ಟಿಗೆಗಳು ಗುರ್ ಎಂದವು. ಹಾಡು ಬಂತು! ಒಂದು ಸಾಲು, ಎರಡು ಸಾಲು. ಭಾವಮೈದನ ಬಾಯಿ ತೆರೆದುಕೊಂಡಿತು. ಮೇಸ್ತ್ರಿ ಮೀಸೆಗೆ ಕೈ ಹಾಕಿದ. ಅವನ ಕೈ ಮೀಸೆಯಲ್ಲಿರುವಾಗಲೇ ಹಾಡು ಕತ್ತರಿಸಿಹೋಗಿ, ಗಡಸು ಗಂಡು ದನಿಯೊಂದು ಕಿಟಕಿಗಳು ನಡುಗುವ ಹಾಗೆ ಕೇಳಿತು:

“ನಿಮ್ಮ ಗಂಡ ಗೊರಕೆ ಹೊಡೆಯುತ್ತಾರೆಯೇ?”

ಮೇಸ್ತ್ರಿಯ ಕೈ ಮೀಸೆಯಿಂದ ಜಾರಿತು.

“ಹೂಂ, ಹೊಡೀತಾರೆ,” ಎಂದಳು ಹೆಂಡತಿ, ಅಡುಗೆಮನೆಯಿಂದ ಮೆಲ್ಲಗೆ. “ಇವನಿಗೆ ಹೇಗೆ ಗೊತ್ತಾಯ್ತು?”

“ಇನ್ನೊಂದು ಸಲ ಒತ್ತೇ. ಬೆರಳು ಜಾರಿರಬೇಕು.”

ಒತ್ತಿದಳು. ಹಾಡು ಬಂತು. ಗಾಯಕಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಮತ್ತೆ ಅದೇ ದನಿ: “ಅವರನ್ನು ಅಂಗಾತ ಮಲಗಲು ಬಿಡಬೇಡಿ. ಮಗ್ಗುಲಿಗೆ ಹೊರಳಿಸಿ. ಹೊಟ್ಟೆಯ ಬೊಜ್ಜು ಕರಗಿಸದೆ ಇದಕ್ಕೆ ಪರಿಹಾರವಿಲ್ಲ.”

ಭಾವಮೈದ ಮೇಸ್ತ್ರಿಯ ಹೊಟ್ಟೆಯ ಕಡೆ ನೋಡಿ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದು ನಕ್ಕ. “ಭಾವ, ಇದು ಹಾಡೋ ಪೆಟ್ಟಿಗೆಯಲ್ಲ, ಡಾಕ್ಟ್ರ ಪೆಟ್ಟಿಗೆ!”

ಮೇಸ್ತ್ರಿ ಪುಟ್ಟ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದ. ಹಸಿರು ದೀಪ ಏನೂ ಅರಿಯದ ಪಾಪದವನ ಹಾಗೆ ಮಿನುಗುತ್ತಿತ್ತು. ವೈರು ಅಲ್ಲಾಡಿಸಿದ. ಊದಿದ. ಹೆಂಡತಿ ಒತ್ತುತ್ತಲೇ ಇದ್ದಳು, ಅತ್ತ ಗೊರಕೆಯವನೂ ಜಗ್ಗುತ್ತಲೇ ಇದ್ದ. ಅರ್ಧ ಸಾಲು ಹಾಡು, ಅರ್ಧ ಸಾಲು ಗೊರಕೆ.

“ರೀ, ಬನ್ನಿ ಇಲ್ಲಿ!” ಎಂದು ಹೆಂಡತಿ ಕಡೆಗೆ ಕೂಗಿದಳು. ಕೂಗಿದ ಮೇಲೆ ಅವಳಿಗೇ ನೆನಪಾಯಿತು. ಗಂಡನನ್ನು ಕರೆಯಬೇಕಾಗಿ ಬರಬಾರದು ಎಂಬುದೇ ಅವಳ ಷರತ್ತಾಗಿತ್ತು. ಮೇಸ್ತ್ರಿಗೂ ನೆನಪಾಯಿತು. ಅವನು ತಲೆ ತಗ್ಗಿಸಿದ. ಅವಳ ದನಿ ತಣ್ಣಗಾಯಿತು. “ಆಡಿದ ಮಾತು ಆಡಿದ್ದೇ ಅಲ್ವೇನ್ರೀ. ತಗೊಂಡು ಹೋಗೋ ತಮ್ಮ.”

ಭಾವಮೈದ ಎಡಗಡೆಯ ಪೆಟ್ಟಿಗೆಯ ವೈರು ಕಳಚಿ, ಹಗ್ಗ ಬಿಗಿದ. “ಒಂದು ಕಡೆ ಹಿಡೀರಿ ಭಾವ, ಒಬ್ಬನ ಕೈಲಿ ಆಗಲ್ಲ.” ತನ್ನ ಪೆಟ್ಟಿಗೆಯನ್ನು ಸಾಗಹಾಕಲು ಮೇಸ್ತ್ರಿ ತಾನೇ ಬಗ್ಗಿ ಒಂದು ಕಡೆ ಹಿಡಿದ. ಮೂಲೆಯ ಆ ಹೆಣೆದ ಕೀಲು ಅಂಗೈಗೆ ತಾಗಿತು. ಎಷ್ಟು ನುಣುಪಾಗಿತ್ತು! ಇದರ ಮೇಲೆ ಇನ್ನು ಕೋಳಿ ಕೂರುತ್ತದೆ, ಕೂತು ಸುಮ್ಮನೆಯೂ ಇರುವುದಿಲ್ಲ. ಇಬ್ಬರೂ ಬಾಗಿಲು ದಾಟಿ, ಮೆಟ್ಟಿಲಿಗೆ ಕಾಲಿಟ್ಟು, ವೈಫೈ ಡಬ್ಬಿಯ ತಿರುವಿನವರೆಗೆ ಇಳಿದರು. ಒಳಗೆ ಉಳಿದಿದ್ದ ಒಂಟಿ ಪೆಟ್ಟಿಗೆ ಗೊರಕೆಯ ಐದನೇ ಕಾರಣವನ್ನು ಹೇಳುತ್ತಲೇ ಇತ್ತು.

ಆಗ ಮೇಲಿನ ಮಹಡಿಯ ಬಾಗಿಲು ದಢಾರನೆ ತೆರೆಯಿತು. ಕಂಡಕ್ಟರನ ಹೆಂಡತಿ ಕೈಯಲ್ಲಿ ಫೋನು ಹಿಡಿದು ಮೆಟ್ಟಿಲ ಕಟಾಂಜನದ ಮೇಲಿಂದ ಬಗ್ಗಿ ಕೂಗಿದಳು:

“ರೀ! ಎಷ್ಟು ಸಲ ಕಳಿಸಲಿ? ಕೇಳಿಸ್ತಾ ಇಲ್ವಾ?”

“ಏನೇ?” ಎಂದ ಮೇಲೆ ಅವಳ ಬೆನ್ನ ಹಿಂದೆ ಎದ್ದು ಬಂದ ಕಂಡಕ್ಟರ್, ನಿದ್ದೆಗಣ್ಣಿನಲ್ಲಿ.

“ಏನೇ?” ಎಂದ ಕೆಳಗಿನಿಂದ ದರ್ಜಿ.

“ಏನೇ?” ಎಂದ ಮೆಟ್ಟಿಲ ತಿರುವಿನಿಂದ, ಪೆಟ್ಟಿಗೆ ಹಿಡಿದೇ, ಮೇಸ್ತ್ರಿ.

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೇಸ್ತ್ರಿಯ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಏನಮ್ಮ, ಏನು ಕಳಿಸ್ತಾ ಇದ್ದೀಯ?”

“ಅದೇ ಅಕ್ಕ, ಗೊರಕೆದು. ಇವರು ಹೊಡೆಯೋ ಗೊರಕೆಗೆ ಮನೆ ಹೆಂಚು ಹಾರುತ್ತೆ. ಫೋನಿನಲ್ಲಿ ಒಬ್ರು ಚೆನ್ನಾಗಿ ಹೇಳ್ತಿದ್ರು. ಎಲ್ಲಿ ಕೇಳಿಸಲಿ ಅಂತ ಫೋನು ಕೇಳ್ತು. ನೋಡ್ತೀನಿ, ‘ರೀ’ ಅಂತಿದೆ! ಪರವಾಗಿಲ್ಲವೇ, ಇವರ ಕಿವಿಗೇ ನೇರ ಹಾಕೋ ಹಾಗಿದೆ ಅಂತ ಒತ್ತಿದೆ. ಒತ್ತಿದ್ರೆ ಯಾರೋ ತೆಗೆದು ತೆಗೆದು ಹಾಕ್ತಾರೆ. ಸದ್ದು ಕೆಳಗಿಂದ ಬರ್ತಿತ್ತಲ್ಲ, ಇವರೇ ಕೆಳಗಿಳಿದು, ಕೇಳೋಕೆ ಇಷ್ಟ ಇಲ್ದೆ ಆರಿಸ್ತಿದಾರೆ ಅಂತ ನಾನೂ ಬಿಡಲಿಲ್ಲ.”

ದರ್ಜಿಯ ಹೆಂಡತಿ ಕೆಳಗಿನಿಂದ ಕತ್ತೆತ್ತಿದಳು. “ಅಯ್ಯೋ, ನಂಗೂ ನಿನ್ನೆ ಕಾಣಿಸ್ತು ಕಣ್ರೀ! ಇವರಿಗೆ ಅಳತೆ ಕೂಡಿಸೋಕೆ ಬರಲ್ಲ ಅಂತ ಮಗ್ಗಿ ಹಾಕ್ದೆ.”

ಮೇಸ್ತ್ರಿಗೆ ಆಗ ಜ್ಞಾನೋದಯವಾಯಿತು. ಕಟ್ಟಡದ ಮೂರು ಮನೆಗೂ ವೈಫೈ ಒಂದೇ. ಮೂರು ಮನೆಯ ಹೆಂಡತಿಯರಿಗೂ ಗಂಡನ ಹೆಸರು ಒಂದೇ. ತನ್ನ ಹೆಂಡತಿ ಮರೆಯಬಾರದೆಂದು ಹುಡುಕಿ ಹುಡುಕಿ ಇಟ್ಟ ಹೆಸರನ್ನು ಲೋಕದ ಯಾವ ಹೆಂಡತಿಯೂ ಮರೆಯುವಂತಿರಲಿಲ್ಲ. ಅವನ ಕೈ ಸಡಿಲವಾಗಿ ಪೆಟ್ಟಿಗೆ ಭಾವಮೈದನ ಕಾಲಬೆರಳ ಮೇಲೆ ಕೂತಿತು.

“ಅದು ನಿಮ್ಮ ‘ರೀ’ ಅಲ್ಲಮ್ಮ, ನಮ್ಮ ‘ರೀ’,” ಎಂದಳು ಮೇಸ್ತ್ರಿಯ ಹೆಂಡತಿ.

“ಬರೀ ‘ರೀ’ ಅಂದ್ರೆ ನಮ್ಮನೆಯವ್ರು ಅಂದ್ಕೊಂಡೆ ಅಕ್ಕ.”

“ನಿಮ್ಮನೆಯವ್ರು ಫೋನೊಳಗೆ ಯಾಕೆ ಇರ್ತಾರೆ?”

“ಮತ್ತೆ ನಿಮ್ಮನೆಯವ್ರು ಇದಾರಲ್ಲ!”

ಕಂಡಕ್ಟರನ ಹೆಂಡತಿ ನಗುತ್ತ ಎರಡು ಮೆಟ್ಟಿಲಿಳಿದು ಪೆಟ್ಟಿಗೆಯನ್ನು ನೋಡಿದಳು. “ಇದೇನಾ ಅದು? ಏನೇ ಹೇಳಿ ಅಕ್ಕ, ದನಿ ಅಂದ್ರೆ ಇದು. ನಮ್ಮ ಮನೆ ನೆಲವೆಲ್ಲ ಗುಂಯ್ ಅಂತಿತ್ತು. ಯಾಕೆ ಇಳಿಸ್ತಿದೀರ? ಕೊಡೋ ಹಾಗಿದ್ರೆ ನಮಗೇ ಕೊಡಿ, ನಾವು ಇಟ್ಕೋತೀವಿ.”

“ಒಂದು ನಮಗೂ ಇರ್ಲಿ,” ಎಂದಳು ದರ್ಜಿಯ ಹೆಂಡತಿ. “ನಿಮ್ಮ ‘ರೀ’ ಒಂದೇ ಸಲಕ್ಕೆ ಹೇಳಿದ ಮಾತು ಕೇಳುತ್ತೆ. ಅಂಥದ್ದು ನಮ್ಮನೇಲಿ ಒಂದೂ ಇಲ್ಲ.”

ಮೇಸ್ತ್ರಿ ಹೆಂಡತಿಯ ಮುಖ ನೋಡಿದ.

ಅವಳ ಹುಬ್ಬು ಗಂಟಿಕ್ಕಿತ್ತು. ಇಷ್ಟು ದಿನ ಧೂಳು ಹೊಡೆದವಳು ತಾನು, ಬಟ್ಟೆ ಪೇರಿಸಿದವಳು ತಾನು, ಬೈದವಳು ತಾನು. ಬೇರೆಯ ಇಬ್ಬರು ಹೆಂಗಸರು ‘ರೀ’ ಎಂದು ಕೈಯಾಡಿಸಿ, ಈಗ ಮನೆಗೇ ಒಯ್ಯುತ್ತೇವೆ ಎನ್ನುವುದೆಂದರೆ? ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಯಾರು ಹೇಳಿದ್ರು ಕೊಡ್ತೀವಿ ಅಂತ? ಧೂಳು ಝಾಡಿಸೋಕೆ ಅಂತ ಹೊರಗೆ ತಂದಿದ್ದು. ನಮ್ಮ ‘ರೀ’ನ ನಾವು ಯಾರಿಗೂ ಕೊಡಲ್ಲ. ತಮ್ಮಾ, ತಿರುಗಿಸು. ಮೇಲಕ್ಕೆ.”

“ಅಕ್ಕಾ, ನನ್ನ ಕಾಲು,” ಎಂದ ಭಾವಮೈದ. “ಹೋಗ್ಲಿ, ನನ್ನ ಕೋಳಿ?”

“ಕೋಳಿಗೆ ಬುಟ್ಟಿ ಸಾಕು. ಇಂಥ ಕೈಕೆಲಸದ ಮೇಲೆ ಕೋಳಿ ಕೂರಿಸೋಕೆ ನಿನಗೆ ಮನಸ್ಸಾದ್ರೂ ಹೇಗೆ ಬರುತ್ತೋ? ನಿಮ್ಮ ಭಾವ ಕಣ್ಣು ಕಿತ್ಕೊಂಡು ಮಾಡಿದ್ದು.”

ಮೇಸ್ತ್ರಿಗೆ ಬೆನ್ನಲ್ಲಿ ಹೊಸ ಕಸುವು ಬಂತು. ಇಳಿಯುವಾಗ ಬೆಟ್ಟದಂತೆ ಭಾರವಾಗಿದ್ದ ಪೆಟ್ಟಿಗೆ ಹತ್ತುವಾಗ ಹತ್ತಿಯಂತೆ ಬಂತು. ಭಾರವೆಲ್ಲ ಭಾವಮೈದನ ಕಡೆಗೆ ವಾಲಿತ್ತು ಎಂಬುದೂ ನಿಜ.

ಪೆಟ್ಟಿಗೆಯನ್ನು ಮೂಲೆಗೆ ಸೇರಿಸಿ, ವೈರು ಕೂಡಿಸಿ, ಮೇಸ್ತ್ರಿ ಫೋನಿನಲ್ಲಿ ಹೆಸರಿನ ಪುಟ ತೆಗೆದು ಕೂತ. ಹೆಂಡತಿ ಪಕ್ಕದಲ್ಲೇ ನಿಂತಳು.

“‘ನಮ್ಮ ರೀ’ ಅಂತ ಬರೀರಿ. ಆಗ ಯಾರೂ ಮುಟ್ಟಲ್ಲ.”

ಮೇಸ್ತ್ರಿ ಬರೆಯಹೋಗಿ ನಿಲ್ಲಿಸಿದ. “ಮೇಲಿನವಳು ಓದಿದ್ರೂ ‘ನಮ್ಮ ರೀ’ ಅಂತಾನೇ ಇರುತ್ತಲ್ಲೇ. ಅವಳಿಗೆ ಅವಳದ್ದೇ ಆಗುತ್ತೆ.”

ಹೆಂಡತಿ ಯೋಚಿಸಿದಳು. “ಹಾಗಾದ್ರೆ ನನ್ನ ಹೆಸರಿಡಿ.”

“ಅಂಥ ಹೆಸರಿನೋಳು ಕೆಳಗಿನ ಮನೇಲೂ ಇದಾಳೆ.”

“ಹೌದಲ್ಲ, ದರ್ಜಿ ಹೆಂಡತೀದೂ ಅದೇ. ನಿಮ್ಮ ಹೆಸರು ಇಡೋಣ ಅಂದ್ರೆ ಬೀದಿಯಲ್ಲಿ ಅರ್ಧ ಜನರದ್ದೂ ಅದೇ.” ಅವಳು ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡಳು. “ಬರೀರಿ: ಮುಟ್ಟಬೇಡಿ.”

“ಹಾಗಂತ ಹೆಸರಾ?”

“ಬರೀರಿ ಅಂದೆ.”

ಬರೆದ. ಹಲಗೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಹೆಂಡತಿ ಒಲೆಯ ಮುಂದೆ ಹೋಗಿ, ಬೇಕೆಂದೇ ಕೈಯನ್ನು ಇನ್ನೊಂದು ಸಲ ನೀರಿಗೆ ಅದ್ದಿ, ಹಾಡು ಹಾಕಿ, ‘ಮುಟ್ಟಬೇಡಿ’ ಎಂದಿದ್ದಲ್ಲಿ ಗಟ್ಟಿಯಾಗಿ ಮುಟ್ಟಿದಳು.

ಹಾಡು ಬಂತು. ಒಂದು ಸಾಲು, ಎರಡು ಸಾಲು, ಪಲ್ಲವಿ ಮುಗಿದು ಚರಣ. ಮೇಲಿನ ಮನೆಯಲ್ಲಿ ಯಾರಿಗೋ ಅದು ಕಂಡಿರಬೇಕು, ಕಂಡರೂ ಧೈರ್ಯ ಸಾಲದೆ ಹೋಗಿರಬೇಕು. ಗಾಯಕಿ ನೆಮ್ಮದಿಯಾಗಿ ಉಸಿರೆಳೆದುಕೊಂಡು ಕೊನೆಯ ಸಾಲಿನವರೆಗೂ ಹಾಡಿದಳು. ಕುರ್ಚಿಯಲ್ಲಿ ಕಾಲಬೆರಳು ನೀವಿಕೊಳ್ಳುತ್ತ ಕೂತಿದ್ದ ಭಾವಮೈದನ ಇನ್ನೊಂದು ಕಾಲು ತನಗೆ ತಾನೇ ತಾಳ ಹಾಕತೊಡಗಿತ್ತು.

“ಅಲ್ಲಿಂದ ಅಡುಗೆಮನೆಗೆ ಸರಿಯಾಗಿ ಕೇಳಿಸಲ್ಲ,” ಎಂದು ಹೆಂಡತಿ ಒಳಗಿನಿಂದ ಕೂಗಿದಳು. “ಬಲಗಡೇದನ್ನ ಈ ಬಾಗಿಲ ಹತ್ರ ತನ್ನಿ.”

ಇಬ್ಬರೂ ಸೇರಿ ದೂಡಿದರು.

“ಇನ್ನೂ ಒಂಚೂರು.”

ದೂಡಿದರು.

“ಮುಖ ನನ್ನ ಕಡೆ ತಿರುಗಿಸಿ. ಹಾಂ. ಈಗ ಇಬ್ರೂ ಸ್ವಲ್ಪ ಪಕ್ಕಕ್ಕೆ ಸರೀರಿ, ಹಾಡಿಗೆ ಅಡ್ಡ ನಿಂತಿದೀರ.”